ಈಗಿನ ಮಕ್ಕಳು ಓದುವುದಿಲ್ಲವಂತೆ!

ಗೋವಿನಕೋವಿ ಊರಿನ ಕಟ್ಟೆ ಮೇಲೆ ಕೂತವರ ದೂರು ಒಂದೇ. ಈಗಿನ ಮಕ್ಕಳು ಓದುವುದಿಲ್ಲ. ಹಾಗೆ ಹೇಳುವವರು ಮಾತ್ರ ತಲೆ ಎತ್ತುವುದಿಲ್ಲ. ಕೈಯಲ್ಲಿ ರೀಲ್ಸ್ ಓಡುತ್ತಿರುತ್ತದೆ. ಪಕ್ಕದಲ್ಲಿರುವ ಮೊಮ್ಮಗನೂ ಅದನ್ನೇ ಇಣುಕುತ್ತಾನೆ. ಪಾಪ, ಇನ್ನೇನು ನೋಡಬೇಕು?

“ನಮ್ಮ ಕಾಲದಲ್ಲಿ ಚಂದಮಾಮ ಇತ್ತು ಕಣ್ರೀ.” ಇತ್ತು. 1949ರಲ್ಲಿ ಕನ್ನಡಕ್ಕೆ ಬಂದು ದಶಕಗಟ್ಟಲೆ ಬೇತಾಳನನ್ನು ಹೊತ್ತು ನಡೆಯಿತು. ಬಾಲಮಂಗಳದ ಡಿಂಗನೂ ಇದ್ದ. ಅಷ್ಟೊಂದು ಪ್ರೀತಿ ಇದ್ದಿದ್ದರೆ ಅವು ನಿಂತದ್ದೇಕೆ ಸ್ವಾಮಿ? ನಿಮ್ಮ ಮಕ್ಕಳಿಗೆ ಎಷ್ಟು ಸಂಚಿಕೆ ಕೊಂಡಿರಿ? ಸತ್ತ ಪತ್ರಿಕೆಗೆ ಕಣ್ಣೀರು ಹಾಕಲು ಚಂದಾ ಕಟ್ಟಬೇಕಿಲ್ಲ. ಅದೇ ಅನುಕೂಲ.

ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ. 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉಮೇದಿನಿಂದ. ಇಂಗ್ಲಿಷಿನ ‘ಕೃಷ್ಣ’ಕ್ಕೆ 11ನೇ ಸಂಖ್ಯೆ ಬಿದ್ದದ್ದು ಅದಕ್ಕೇ. ಇಂದು ಹೊನ್ನಾಳಿಯ ಅಪ್ಪ ಇಂಗ್ಲಿಷಿನದ್ದನ್ನೇ ಹುಡುಕುತ್ತಾನೆ. ಕೃಷ್ಣ ಬೆಣ್ಣೆ ಕದ್ದರೂ ಗ್ರಾಮರ್ ಸರಿಯಿರಬೇಕು!

ಇನ್ನು ಸಿನಿಮಾ. 2018ರಲ್ಲಿ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಬಂತು. ಕನ್ನಡ ಶಾಲೆ ಉಳಿಸಲು ಮಕ್ಕಳು ಹೋರಾಡಿದರು. ನಾವು ಶಿಳ್ಳೆ ಹೊಡೆದೆವು, ಕಣ್ಣು ಒರೆಸಿಕೊಂಡೆವು. ರಾಷ್ಟ್ರಪ್ರಶಸ್ತಿಯೂ ಬಂತು. ಮರುದಿನ ಬೆಳಿಗ್ಗೆ ಮಗನಿಗೆ ಟೈ ಕಟ್ಟಿ ಕಾನ್ವೆಂಟಿನ ಹಳದಿ ವ್ಯಾನ್ ಹತ್ತಿಸಿದೆವು.

ಅದೇ ವರ್ಷ ‘ಕೆಜಿಎಫ್’. ಸುತ್ತಿಗೆ ಬೀಸುವ ಹೊತ್ತಿಗೆ ಮಗ ಮಡಿಲಲ್ಲೇ ಇದ್ದ. ಈಗ ಅವನು ಪಕ್ಕದ ಮನೆ ಹುಡುಗನ ಮೇಲೆ ಬ್ಯಾಟ್ ಎತ್ತಿದರೆ ಅಮ್ಮನಿಗೆ ಆಶ್ಚರ್ಯ: “ಇದನ್ನೆಲ್ಲ ಎಲ್ಲಿ ಕಲಿತನೋ!”

1993ರಲ್ಲಿ ‘ಚಿನ್ನಾರಿ ಮುತ್ತ’ ಓಡಿಯೇ ಗೆದ್ದ. ಈಗಿನ ಪ್ಯಾನ್ ಇಂಡಿಯಾ ಸಿನಿಮಾದಲ್ಲಿ ಮಗುವಿಗೆ ಒಂದೇ ಕೆಲಸ. ಮೊದಲ ಹತ್ತು ನಿಮಿಷದಲ್ಲಿ ಅಮ್ಮನನ್ನು ಕಳೆದುಕೊಳ್ಳಬೇಕು. ಆಮೇಲೆ ಗಡ್ಡ ಬಿಟ್ಟು ಬಂದೂಕು ಹಿಡಿಯಬೇಕು. ಕತೆ ಒಂದು ಸಾಲಿನದು, ಭಾಗ ಮಾತ್ರ ಎರಡು.

ಮತ್ತೆ ಪುಸ್ತಕಕ್ಕೆ ಬರೋಣ. ಸಮಾರಂಭಗಳಲ್ಲಿ ಅತಿಥಿಗಳಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿತು. ಕೊಡುತ್ತಾರೆ. ಅತಿಥಿಗಳ ಕಾರಿನ ಹಿಂದಿನ ಸೀಟಿನಲ್ಲಿ ಅವು ಬಣ್ಣದ ಕಾಗದ ಸಮೇತ ಊರೂರು ಸುತ್ತುತ್ತಿವೆ.

ಪಂಚಾಯಿತಿ ಗ್ರಂಥಾಲಯ ಈಗ ‘ಅರಿವು ಕೇಂದ್ರ’. ನಿಮ್ಮ ಮನೆ ತೆರಿಗೆಯ ಪ್ರತಿ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟಿದ್ದೀರಿ. ಒಮ್ಮೆಯಾದರೂ ಮಗುವಿನ ಕೈ ಹಿಡಿದು ಒಳಗೆ ಹೋಗಿ ಬನ್ನಿ. ಚಪ್ಪಲಿ ಧೈರ್ಯವಾಗಿ ಹೊರಗೆ ಬಿಡಿ. ಕದಿಯುವಷ್ಟು ಜನ ಅಲ್ಲಿ ಸೇರುವುದಿಲ್ಲ.