ಮಾತಾಡಿದವರ ಪಟ್ಟಿ

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಒಂದು ಪಟ್ಟಿಯ ಪರಿಚಯ ಇದ್ದೇ ಇರುತ್ತದೆ. ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ಆಫೀಸ್ ರೂಮಿನ ಕಡೆ ಹೊರಟ ಕೂಡಲೇ ಕ್ಲಾಸ್ ಲೀಡರು ಸೀಮೆಸುಣ್ಣ ಎತ್ತಿಕೊಳ್ಳುತ್ತಾನೆ. ಬೋರ್ಡಿನ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಕೆಳಗೊಂದು ಗೆರೆ ಎಳೆಯುತ್ತಾನೆ. ಗೆರೆಯ ಕೆಳಗೆ ಹೆಸರುಗಳು. ಎರಡನೇ ಸಲ ಬಾಯಿ ತೆರೆದರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು, ಮೂರನೇ ಸಲಕ್ಕೆ ಇನ್ನೊಂದು. ಲೀಡರಿನ ಖಾಸಾ ದೋಸ್ತರು ಎಷ್ಟೇ ಹರಟಿದರೂ ಅವರ ಹೆಸರು ಅಲ್ಲಿಗೆ ಏರುವುದಿಲ್ಲ. ರಾಜ್ಯಶಾಸ್ತ್ರದ ಮೊದಲ ಪಾಠ ನಮಗೆಲ್ಲ ಆದದ್ದು ಆ ಮೂಲೆಯಲ್ಲೇ. ಆದರೆ ಅವರು ಏನು ಮಾತಾಡಿದರು ಎಂಬುದನ್ನು ಯಾವ ಲೀಡರೂ ಬರೆದದ್ದು ನಾನು ಕಂಡಿಲ್ಲ.

ಪೀಣ್ಯದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವುದು ನನ್ನ ಕಸುಬು. ಕಿಟಕಿಯಾಚೆ ಯಾರದೋ ಶೆಡ್ಡಿನಲ್ಲಿ ಪವರ್ ಪ್ರೆಸ್ ಧಡ್ ಧಡ್ ಎನ್ನುತ್ತಿರುತ್ತದೆ; ಹೊಸಬರಿಗೆ ತಲೆನೋವು, ನಮಗೆ ಅದು ನಿಂತರೆ ‘ಕರೆಂಟ್ ಹೋಯ್ತಾ?’ ಎಂಬ ಅನುಮಾನ. ಮಕ್ಕಳ ಅಪ್ಪಂದಿರು ಲೇತ್, ವೆಲ್ಡಿಂಗ್, ಪೌಡರ್ ಕೋಟಿಂಗ್ ಕೆಲಸದವರು. ಅಮ್ಮಂದಿರು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಮನೆಮಾತು ತೆಲುಗು, ತಮಿಳು, ಉರ್ದು, ಒಡಿಯಾ, ಜೊತೆಗೆ ಯಾದಗಿರಿ–ರಾಯಚೂರಿನ ಗಟ್ಟಿ ಕನ್ನಡ. ಬಿಸಿಯೂಟದ ಸಾಲಿನಲ್ಲಿ ಇವರ ವಾದ ಕೇಳಬೇಕು. ಓಟಿ ದುಡ್ಡು ಡಬಲ್ ಕೊಡಬೇಕೋ ಬೇಡವೋ, ನಾಗಸಂದ್ರದಿಂದ ಮೆಜೆಸ್ಟಿಕ್ಕಿಗೆ ಬಸ್ಸು ಬೇಗವೋ ಮೆಟ್ರೋ ಬೇಗವೋ—ಅಂಕಿಅಂಶ ಸಮೇತ ವಾದ. ಅದೇ ಬಾಯಿಗಳು ತರಗತಿಯೊಳಗೆ ಬಂದ ಮೇಲೆ ‘ಅರ್ಥ ಆಯ್ತಾ?’ ಎಂದರೆ ಒಂದೇ ರಾಗದಲ್ಲಿ ‘ಆಯ್ತೂ ಸಾರ್’ ಎನ್ನುತ್ತವೆ. ‘ಏನು ಅರ್ಥ ಆಯ್ತು?’ ಎಂದು ಕೇಳಿದರೆ ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಇದರಲ್ಲಿ ಮೇಷ್ಟ್ರುಗಳ ಪಾಲೂ ದೊಡ್ಡದು. ಮೇರಿ ಬಡ್ ರೋ ಎಂಬ ಅಮೆರಿಕದ ವಿದ್ವಾಂಸೆ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡು ಅಷ್ಟೇ. ಆಮೇಲೆ ಬೇರೆಯವರನ್ನು ಕೇಳುತ್ತಾರೆ, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಾರೆ. ಮೂರು ಸೆಕೆಂಡು ಸುಮ್ಮನಿದ್ದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹಿಂದಿನ ಬೆಂಚೂ ಬಾಯಿ ಬಿಡುತ್ತದೆ. ಮೂರು ಸೆಕೆಂಡು ಏನು ಮಹಾ ಎನ್ನಬೇಡಿ. ಸಿಲಬಸ್ ಮುಗಿಸಲು ಓಡುತ್ತಿರುವ ಮೇಷ್ಟ್ರಿಗೆ ಅದು ಗೊರಗುಂಟೆಪಾಳ್ಯದ ಸಿಗ್ನಲ್ಲಿನಷ್ಟೇ ಉದ್ದ.

ಆದರೆ ಬಾಯಿ ಬಿಡಿಸಲು ಸುಮ್ಮನಿದ್ದರಷ್ಟೇ ಸಾಲದು, ಮಾತಿಗೆ ವಿಷಯವೂ ಬೇಕು. ‘ಸಾರಜನಕದ ಸಂಕೇತವೇನು?’ ಎಂದು ಕೇಳಿ ‘ಗುಂಪಿನಲ್ಲಿ ಚರ್ಚಿಸಿ’ ಎಂದರೆ ಪಾಪ, ಏನು ಚರ್ಚಿಸುತ್ತಾರೆ? ತರಬೇತಿಗಳಿಂದ ಕಲಿತು ಬಂದ ‘ಗುಂಪು ಚಟುವಟಿಕೆ’ ಎಷ್ಟೋ ಸಲ ಹೀಗೇ ಆಗುತ್ತದೆ. ಒಬ್ಬಳು ಚಾರ್ಟಿನ ಮೇಲೆ ಬರೆಯುತ್ತಾಳೆ, ಒಬ್ಬ ಸ್ಕೆಚ್ ಪೆನ್ನಿನ ಮುಚ್ಚಳ ಹುಡುಕುತ್ತಾನೆ, ಉಳಿದವರು ಗುಂಪು ಎನಿಸಿಕೊಂಡು ಕೂತಿರುತ್ತಾರೆ.

ಉಷ್ಣದ ಪಾಠದಲ್ಲಿ ನಾನು ಕೇಳುವ ಪ್ರಶ್ನೆ ಬೇರೆ. ಒಂದು ಕಬ್ಬಿಣದ ವಾಷರ್ ತೋರಿಸುತ್ತೇನೆ. ಇದನ್ನು ಕಾಯಿಸಿದರೆ ನಡುವಿನ ತೂತು ದೊಡ್ಡದಾಗುತ್ತದೋ, ಚಿಕ್ಕದಾಗುತ್ತದೋ? ಮೊದಲು ಪಿಟಿಕ್ಕೆನ್ನದೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಇಲ್ಲದಿದ್ದರೆ ಫಸ್ಟ್ ರ್‍ಯಾಂಕಿನವನ ಉತ್ತರ ಮದ್ರಾಸ್ ಐಯಂತೆ ಬೆಂಚಿನಿಂದ ಬೆಂಚಿಗೆ ಹರಡುತ್ತದೆ. ಆಮೇಲೆ ಪಕ್ಕದವರನ್ನು ಒಪ್ಪಿಸಬೇಕು, ಭಾಷೆ ಯಾವುದಾದರೂ ಸರಿ. ತರಗತಿ ಮುಂದೆ ಎದ್ದು ನಿಂತು ಕನ್ನಡದಲ್ಲಿ ಹೇಳೆಂದರೆ ತಲೆ ತಗ್ಗಿಸುವ ಒಡಿಯಾ ಹುಡುಗ ಪಕ್ಕದವನಿಗೆ ಕೈಬಾಯಿ ಸೇರಿಸಿ ಹೇಳುವುದನ್ನು ಕಂಡರೆ ಅವನೇ ಇವನಾ ಅನ್ನಿಸುತ್ತದೆ.

ಲೋಹ ಹಿಗ್ಗುತ್ತದೆ, ಒಳಗೂ ನುಗ್ಗುತ್ತದೆ, ಹಾಗಾಗಿ ತೂತು ಕಿರಿದಾಗಲೇಬೇಕು ಎಂಬುದು ಬಹುಮತ. ‘ಹಂಗಾದ್ರೆ ನಮ್ಮಪ್ಪ ಬೇರಿಂಗನ್ನ ಬಿಸಿ ಎಣ್ಣೇಲಿ ಕಾಯ್ಸಿ ಶಾಫ್ಟಿಗೆ ಹಾಕೋದ್ಯಾಕೆ?’ ಎಂದು ಒಬ್ಬಳು ತಕರಾರು ತೆಗೆದಳು. ಯಾದಗಿರಿಯ ಹುಡುಗ ಸೇರಿಕೊಂಡ: ‘ಖರೇ ಅದರೀ ಸರ. ನಮ್ಮೂರಾಗ ಬಂಡಿ ಗಾಲಿಗಿ ಕಬ್ಬಣದ ಪಟ್ಟಿ ಕಾಸಿ ಹಾಕ್ತಾರ್ರಿ. ನೀರು ಹೊಯ್ದ್ರ ಬಿಗಿ ಹಿಡಿತದ.’ ಬಹುಮತದವರು ಸುಲಭಕ್ಕೆ ಸೋಲೊಪ್ಪಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಬಂತು ತೀರ್ಪು: ‘ಫೋನಲ್ಲಿ ಉದ್ದಿನ ವಡೆ ಫೋಟೊ ಝೂಮ್ ಮಾಡ್ರೋ. ವಡೆ ದೊಡ್ದಾಗಿ ತೂತು ಮಾತ್ರ ಚಿಕ್ಕದಾಗುತ್ತಾ?’ ಬಿ.ಎಡ್ ಓದುವಾಗ ನನಗ್ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ನನಗೆ ಉಳಿದದ್ದು ಲೆಕ್ಕ ಮಾತ್ರ. 50 ಮಿಲಿಮೀಟರ್ ತೂತಿನ ಉಕ್ಕಿನ ಬೇರಿಂಗಿನ ಬಿಸಿ 80 ಡಿಗ್ರಿ ಏರಿದರೆ ತೂತು ಹಿಗ್ಗುವುದು ಸುಮಾರು 0.05 ಮಿಲಿಮೀಟರ್. ‘ಐವತ್ತು ಮೈಕ್ರಾನ್, ಸಾಕು ಸಾರ್, ಕೂತ್ಕೊಳ್ಳುತ್ತೆ’ ಎಂದಳು ಬೇರಿಂಗಿನ ಮಗಳು, ಇನ್‌ಸ್ಪೆಕ್ಷನ್ ರಿಪೋರ್ಟಿಗೆ ಸಹಿ ಹಾಕುವವಳ ಗತ್ತಿನಲ್ಲಿ.

ಮೊದಲು ಬರೆಸಿ, ಆಮೇಲೆ ಪಕ್ಕದವರನ್ನು ಒಪ್ಪಿಸಲು ಬಿಡುವ ಈ ಪಟ್ಟು ನನ್ನ ಸ್ವಂತದ್ದೇನಲ್ಲ. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಇದನ್ನು ರೂಢಿಗೆ ತಂದು, 1997ರಲ್ಲಿ ಪುಸ್ತಕವನ್ನೂ ಬರೆದರು. ಈಗಷ್ಟೇ ಅರ್ಥ ಮಾಡಿಕೊಂಡ ಹುಡುಗನಿಗೆ ತಾನು ಎಲ್ಲಿ ತಡವರಿಸಿದೆ ಎಂಬುದು ನೆನಪಿರುತ್ತದೆ, ಮೇಷ್ಟ್ರಿಗೆ ಅದು ಮರೆತು ಎಷ್ಟೋ ಕಾಲವಾಗಿರುತ್ತದೆ ಎನ್ನುವುದು ಅವರ ವಾದ. ಅಷ್ಟು ದೂರ ಹೋಗುವುದೂ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ‘ನಲಿ-ಕಲಿ’ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯವರೆಗೆ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಒಬ್ಬರಿಗೊಬ್ಬರು ಹೇಳಿಕೊಟ್ಟು ಕಲಿಯುತ್ತಾರೆ. ನಾಲ್ಕಕ್ಕೆ ಬಂದರೋ, ಬೆಂಚು ಸಾಲಾಗುತ್ತದೆ, ಮುಖ ಬೋರ್ಡಿಗೆ ತಿರುಗುತ್ತದೆ, ಲೀಡರಿನ ಕೈಗೆ ಸೀಮೆಸುಣ್ಣ ಬರುತ್ತದೆ.

ತಮಾಷೆ ಮುಂದಿದೆ. ಇಷ್ಟು ವರ್ಷ ಬಾಯಿ ಮುಚ್ಚಿ ಕೂತ ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬಂದಾಗ ಕ್ಯಾಂಪಸ್ ಸೆಲೆಕ್ಷನ್ನಿನ ‘ಜಿಡಿ’ ಎದುರಾಗುತ್ತದೆ, ಅಂದರೆ ಗ್ರೂಪ್ ಡಿಸ್ಕಷನ್. ಮಾತಾಡುವುದು ಹೇಗೆಂದು ಕಲಿಯಲು ಈಗ ಫೀಸು ಕಟ್ಟಬೇಕು. ಕೆಲಸ ಸಿಕ್ಕಿ ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋದರೆ ಬೆಳಗಾದರೆ ‘ಸ್ಟ್ಯಾಂಡಪ್’ ಮೀಟಿಂಗು. ಎಲ್ಲರೂ ಎದ್ದು ನಿಂತು ನಿನ್ನೆ ಏನು ಮಾಡಿದೆ, ಇಂದು ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಹೇಳಬೇಕು. ಮಾತಾಡಿದ್ದಕ್ಕೆ ಎಬ್ಬಿಸಿ ನಿಲ್ಲಿಸಿದ್ದು ಶಾಲೆ. ಎದ್ದು ನಿಂತು ಮಾತಾಡು ಎಂದು ಸಂಬಳ ಕೊಡುವುದು ಕಂಪನಿ.

ಪೇಚಿರುವುದು ಗದ್ದಲದಲ್ಲಿ. ನಲವತ್ತು ಮಕ್ಕಳು ವಾಷರ್ ಬಗ್ಗೆ ಜಗಳಾಡುವ ಸದ್ದೂ, ಮೇಷ್ಟ್ರಿಲ್ಲದ ತರಗತಿಯ ಸದ್ದೂ ಕಾರಿಡಾರಿನಿಂದ ಕೇಳಿದರೆ ಒಂದೇ. ಪಕ್ಕದ ಕೋಣೆಯ ಸಮಾಜ ವಿಜ್ಞಾನದ ಮೇಡಂ ಇಣುಕಿ ನೋಡಿ, ನಾನು ಒಳಗೇ ಇರುವುದು ಕಂಡು ಇನ್ನೂ ಗಾಬರಿಯಾದದ್ದುಂಟು. ನಿಶ್ಶಬ್ದವೇ ಶಿಸ್ತು ಎಂದು ತಪಾಸಣೆಗೆ ಬಂದವರು ಷರಾ ಬರೆಯುವ ತನಕ ಯಾವ ಮೇಷ್ಟ್ರೂ ಧೈರ್ಯವಾಗಿ ಮಕ್ಕಳನ್ನು ಮಾತಿಗೆ ಬಿಡುವುದಿಲ್ಲ. ಆದ್ದರಿಂದ ಬಿಇಒ ಸಾಹೇಬರಿಗೆ, ಸಿಆರ್‌ಪಿಗಳಿಗೆ, ನನ್ನ ಎಲ್ಲ ಹೆಡ್‌ಮಾಸ್ಟರ್ ಬಂಧುಗಳಿಗೆ ಕೈಮುಗಿದು ಒಂದೇ ಅರಿಕೆ: ಯಾವುದಾದರೂ ತರಗತಿಯಿಂದ ಗದ್ದಲ ಕೇಳಿಸಿದರೆ ದಯವಿಟ್ಟು ಒಳಗೆ ಬರುವ ಮೊದಲು ಬಾಗಿಲ ಬಳಿ ಎರಡು ನಿಮಿಷ ನಿಂತು ಅವರು ಏನು ಮಾತಾಡುತ್ತಿದ್ದಾರೆ ಎಂದು ಕೇಳಿಸಿಕೊಳ್ಳಿ. ಷರಾ ಆಮೇಲೆ ಬರೆಯಿರಿ.