ಕ್ಯೂಎ ಅಂಕಲ್

ಭಾನುವಾರ ಬೆಳಗ್ಗೆ ಜಯನಗರದ ಯಾವ ದರ್ಶಿನಿಗೆ ಹೋದರೂ ಇವರು ಸಿಗುತ್ತಾರೆ. ಮೈಮೇಲೆ ಹಳೇ ಕಂಪನಿ ಕೊಟ್ಟ ಟೀಶರ್ಟು. ಒಗೆದೂ ಒಗೆದೂ ‘ಹ್ಯಾಕಥಾನ್’ನಲ್ಲಿ ‘ಥಾನ್’ ಮಾತ್ರ ಉಳಿದಿದೆ. ಕೊರಳಲ್ಲಿ ಐಡಿ ಕಾರ್ಡಿನ ಪಟ್ಟಿ, ಅದರ ತುದಿಗೆ ಸ್ಕೂಟರ್ ಕೀ. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲೇ ಕೂದಲು ಉದುರಿಸಿಕೊಂಡವರು. ಬನಶಂಕರಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಿಗೆ ಒಬ್ಬೊಬ್ಬರಂತೆ ಹಂಚಿಹೋಗಿದ್ದಾರೆ. ಟೆಸ್ಟಿಂಗಿಗೆ ಆಫೀಸಿನಲ್ಲಿ ಕ್ಯೂಎ ಅನ್ನುತ್ತಾರಲ್ಲ, ಹಾಗಾಗಿ ಮಕ್ಕಳೆಲ್ಲ ಕ್ಯೂಎ ಅಂಕಲ್ ಅನ್ನುತ್ತಾರೆ. ಬರಬರುತ್ತಾ ನಾವೂ ಹಾಗೇ ಅನ್ನುತ್ತಿದ್ದೇವೆ.

ಮೊದಲೆಲ್ಲ ಇವರು ಪಾಪದ ಮನುಷ್ಯ. ಡೆವಲಪರ್‌ಗಳು ಮೂರು ತಿಂಗಳು ಬರೆದದ್ದನ್ನು ಶುಕ್ರವಾರ ಸಂಜೆ ಇವರ ತಲೆಗೆ ಕಟ್ಟಿ ಮನೆಗೆ ಹೋಗುತ್ತಿದ್ದರು. ಸೋಮವಾರ ರಿಲೀಸ್. ತಪ್ಪು ಸಿಕ್ಕಿದರೆ ‘ಈಗ ಹೇಳ್ತೀರಲ್ಲ’ ಅನ್ನುವುದು, ಸಿಗದಿದ್ದರೆ ‘ಟೆಸ್ಟರ್ ಏನ್ಮಾಡ್ತಿದ್ದ’ ಅನ್ನುವುದು. 2001ರಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್ ಎಂಬಲ್ಲಿ 17 ಜನ ಸೇರಿ, ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡಿಕೊಡಿ ಎನ್ನುವ ಅಜೈಲ್ ಪ್ರಣಾಳಿಕೆ ಬರೆದರಲ್ಲ, ಅದು ಬಿಟಿಎಂ ಲೇಔಟಿನ ಇವರ ಆಫೀಸಿಗೆ ಬಂದು ಮುಟ್ಟಿದಾಗ ಆದ ಬದಲಾವಣೆ ಇಷ್ಟೇ: ಮೂರು ತಿಂಗಳ ಗೋಳು ಎರಡು ವಾರಕ್ಕೊಮ್ಮೆ ಬರತೊಡಗಿತು. ಸ್ಪ್ರಿಂಟ್ ಎನ್ನುವ ಆ ಎರಡು ವಾರದ ಹತ್ತು ಕೆಲಸದ ದಿನದಲ್ಲಿ ಒಂಬತ್ತೂವರೆ ದಿನ ಕೋಡಿಂಗ್. ಹತ್ತನೇ ದಿನ ಮಧ್ಯಾಹ್ನ ಊಟ ಆದಮೇಲೆ ಟೆಸ್ಟಿಂಗ್.

ಆಮೇಲೆ ಇವರಿಗೆ ಲೀನ್ ಹಿಡಿಯಿತು.

ಲೀನ್ ಅಂದರೆ ಕೆಲಸದಲ್ಲಿ ವ್ಯರ್ಥವಾಗುವುದನ್ನು ಕಳೆಯುವ ಪದ್ಧತಿ. ಕಾರು ಮಾಡುವ ಟೊಯೋಟಾದ ತೈಚಿ ಓನೋ ಪಟ್ಟಿ ಮಾಡಿದ ಏಳು ಬಗೆಯ ವ್ಯರ್ಥಗಳನ್ನು ಈಗ ಇವರು ಸಂಧ್ಯಾವಂದನೆಯ ಹಾಗೆ ಒಪ್ಪಿಸುತ್ತಾರೆ. ಮೇರಿ ಮತ್ತು ಟಾಮ್ ಪಾಪೆಂಡಿಕ್ ದಂಪತಿ 2003ರಲ್ಲಿ ಅದನ್ನು ಸಾಫ್ಟ್‌ವೇರಿಗೆ ಒಗ್ಗಿಸಿ ಪುಸ್ತಕ ಬರೆದರು. ಅರ್ಧ ಮುಗಿದ ಕೆಲಸ, ಯಾರೂ ಕೇಳದ ಫೀಚರ್, ಕಾಯುವುದು, ಕೈಯಿಂದ ಕೈಗೆ ದಾಟಿಸುವುದು ಎಲ್ಲ ಅದರಲ್ಲಿವೆ. ‘ಅದೆಲ್ಲ ಫಾರಿನ್ ಸಾರ್’ ಅಂದರೆ ಸಿಕ್ಕಿಬಿದ್ದಿರಿ. 2004ರಲ್ಲೇ ನಮ್ಮ ಸರ್ಜಾಪುರ ರಸ್ತೆಯ ವಿಪ್ರೋ ಇದನ್ನು ಶುರುಮಾಡಿತ್ತು, ಹಾರ್ವರ್ಡ್‌ನವರು ಬಂದು ಅಧ್ಯಯನ ಮಾಡಿ 2011ರಲ್ಲಿ ಲೇಖನ ಬರೆದರು ಎಂದು ಬೈಟು ಕಾಫಿ ಆರುವವರೆಗೂ ಬಿಡುವುದಿಲ್ಲ. ಬಿಡದಿ ಅಂದರೆ ನಮಗೆ ತಟ್ಟೆ ಇಡ್ಲಿ. ಇವರಿಗೆ 1999ರಲ್ಲಿ ಅಲ್ಲಿನ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾದ ಕ್ವಾಲಿಸ್.

ದರ್ಶಿನಿಯಲ್ಲಿ ನಿಂತರಂತೂ ಪಾಠ ಶುರು. ‘ನೋಡಿ, ಟೋಕನ್ ಬಂದಮೇಲೇ ದೋಸೆ ಹುಯ್ಯೋದು. ಕೇಳಿದವರಿಗಷ್ಟೇ ಮಾಡೋದು, ಇದು ಲೀನು. ಆದ್ರೆ ಹನ್ನೆರಡು ದೋಸೆ ಒಟ್ಟಿಗೆ ಹುಯ್ದು, ಎಬ್ಬಿದಮೇಲೆ ಹಿಟ್ಟಿಗೆ ಉಪ್ಪು ಹಾಕಿಲ್ಲ ಅಂತ ಗೊತ್ತಾದ್ರೆ? ಅದೇ ನಮ್ಮ ರಿಲೀಸು! ಮೊದಲನೇ ದೋಸೇನೇ ಯಾಕ್ರೀ ರುಚಿ ನೋಡಬಾರದು?’ ಅಷ್ಟರಲ್ಲಿ ಹಿಂದಿನಿಂದ ಯಾರೋ, ‘ಸ್ವಾಮಿ, ಒಂಚೂರು ಜರುಗ್ತೀರಾ? ಚಟ್ನಿ ಹಾಕಿಸ್ಕೋಬೇಕು’ ಅನ್ನುತ್ತಾರೆ. ಕೌಂಟರಿನ ಮುಂದೆ ಹತ್ತು ತಟ್ಟೆ ಸಾಲುಗಟ್ಟಿರುವುದು ಇವರಿಗೆ ಕಂಡಿರುವುದಿಲ್ಲ.

ಕಷ್ಟ ಏನೆಂದರೆ, ಇವರು ಹೇಳುವುದರಲ್ಲಿ ಮುಕ್ಕಾಲು ಪಾಲು ಸರಿ. ಆಫೀಸಿನಲ್ಲಿ ಟೆಸ್ಟರ್‌ಗಳನ್ನು ಇನ್ನೊಂದು ಮಹಡಿಯಿಂದ ತಂದು ಡೆವಲಪರ್‌ಗಳ ಪಕ್ಕ ಕೂರಿಸಿದ್ದು ಇವರೇ. ಕೋಡ್ ಬರೆಯುವ ಮೊದಲೇ ‘ಇದು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿ ಉದಾಹರಣೆ ಬರೆಸಿದರು. ಯಾರೂ ತೆರೆಯದ ಟೆಸ್ಟ್ ಕೇಸುಗಳ ಎಕ್ಸೆಲ್ ಹಾಳೆಗಳನ್ನು ಅಳಿಸಿದರು. ಒಮ್ಮೆ ಪಾಸು, ಒಮ್ಮೆ ಫೇಲು ಎಂದು ಆಟವಾಡಿಸುತ್ತಿದ್ದ ಆಟೊಮೇಷನ್ ಟೆಸ್ಟುಗಳನ್ನು ಕಿತ್ತುಹಾಕಿದರು. ಟೊಯೋಟಾದಲ್ಲಿ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಂತೆ. ಇಲ್ಲೂ ಬಿಲ್ಡ್ ಕೆಂಪಾದರೆ, ಅಂದರೆ ಸೇರಿಸಿದ ಕೋಡು ಟೆಸ್ಟಿನಲ್ಲಿ ಫೇಲಾದರೆ, ಎಲ್ಲರೂ ಕೈಲಿದ್ದದ್ದು ಬಿಟ್ಟು ಮೊದಲು ಅದನ್ನು ಸರಿಮಾಡಬೇಕು. ಶುಕ್ರವಾರ ಸಂಜೆ ಟೆಸ್ಟರ್ ಹುಡುಗಿಯರು ಬೆಳಕಿರುವಾಗಲೇ ಮನೆಗೆ ಹೊರಡುವಂತಾಯಿತು. ಇದಕ್ಕೆ ಇವರಿಗೆ ಒಂದು ಶಾಲು ಹೊದಿಸಬೇಕಿತ್ತು. ಬದಲಿಗೆ ಏಳು ವ್ಯರ್ಥಗಳ ಸ್ಲೈಡನ್ನು ಕಣ್ಣರಳಿಸಿ ನೋಡಿದ ಮೇಲಧಿಕಾರಿ, ‘ಬ್ಯೂಟಿಫುಲ್! ಹಾಗಾದ್ರೆ ಟೆಸ್ಟರ್‌ಗಳಲ್ಲಿ ಯಾರ್ಯಾರನ್ನ ತೆಗೀಬಹುದು ಅಂತ ಒಂದು ಲಿಸ್ಟ್ ಕಳ್ಸಿ’ ಅಂದರು. ಟೊಯೋಟಾ ತನ್ನ ‘ಟೊಯೋಟಾ ವೇ’ಗೆ ಎರಡೇ ಕಂಬ ಅನ್ನುತ್ತದೆ: ನಿರಂತರ ಸುಧಾರಣೆ, ಜನರ ಬಗ್ಗೆ ಗೌರವ. ಎರಡನೇ ಕಂಬ ಸ್ಲೈಡಿನಲ್ಲಿ ಹಿಡಿಸಿರಲಿಲ್ಲ. ಆ ಲಿಸ್ಟನ್ನು ಅಂಕಲ್ ಇವತ್ತಿಗೂ ಕಳಿಸಿಲ್ಲ. ಕೇಳಿದಾಗಲೆಲ್ಲ ‘ರಿವ್ಯೂನಲ್ಲಿದೆ’ ಅನ್ನುತ್ತಾರೆ. ಕಾಯಿಸುವುದೂ ಒಮ್ಮೊಮ್ಮೆ ಪುಣ್ಯದ ಕೆಲಸ.

ಮನೆಯಲ್ಲಿ ಮಾತ್ರ ಪಾಠ ನಡೆಯುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ, ಯಾವ ಕೆಲಸ ಎಲ್ಲಿಗೆ ಬಂತೆಂದು ತೋರಿಸುವ ಕಾನ್‌ಬಾನ್ ಬೋರ್ಡ್ ಮಾಡಿ ಹಳದಿ ಚೀಟಿ ಅಂಟಿಸಿದ್ದಾರೆ. ಒಂದು ಸಲಕ್ಕೆ ಮೂರೇ ಕೆಲಸ, ಒಂದು ಮುಗಿಯದೆ ಇನ್ನೊಂದು ಹಿಡಿಯುವಂತಿಲ್ಲ. ಹೆಂಡತಿ ಒಲೆಯ ಮೇಲಿನ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, ಉಪ್ಪು ಸೇರಿಸುತ್ತಾ, ‘ರೀ, ಬಚ್ಚಲುಮನೆ ನಲ್ಲಿ ಅಂತ ನಿಮ್ಮದೊಂದು ಚೀಟಿ ಯುಗಾದಿಯಿಂದ ಅಲ್ಲೇ ಇದೆ. ಅಂಟೂ ಹೋಯ್ತು, ನಾನೇ ಅನ್ನದಗುಳು ಹಚ್ಚಿ ಅಂಟಿಸಿದೀನಿ’ ಅಂದರು.

ಇಷ್ಟಕ್ಕೆ ಸುಮ್ಮನಿದ್ದಿದ್ದರೆ ಆಗಿತ್ತು. ಹೋದ ತಿಂಗಳು ಅಪಾರ್ಟ್‌ಮೆಂಟಿನ ಸಂಪಿನ ಮೋಟಾರ್ ಸುಟ್ಟುಹೋಯಿತು. ಸಂಘದ ಸಭೆಯಲ್ಲಿ ಅಂಕಲ್ ಎದ್ದು ನಿಂತು, ‘ಯಾರನ್ನೂ ಬಯ್ಯೋದು ಬೇಡ. ಟೊಯೋಟಾದಲ್ಲಿ ಐದು ಸಲ ಯಾಕೆ ಅಂತ ಕೇಳ್ತಾರೆ, ಮೂಲಕಾರಣ ತಾನಾಗೇ ಸಿಗುತ್ತೆ’ ಎಂದು ವಾಚ್‌ಮನ್‌ನನ್ನು ಕರೆಸಿದರು.

‘ಮೋಟ್ರು ಯಾಕಪ್ಪಾ ಸುಟ್ಟಿತು?’

‘ಸಂಪು ಖಾಲಿ ಆದ್ರೂ ಓಡ್ತಾ ಇತ್ತು ಸಾರ್.’

‘ಯಾಕೆ ಓಡ್ತಾ ಇತ್ತು?’

‘ಆಫ್ ಮಾಡೋರು ಇರ್ಲಿಲ್ಲ ಸಾರ್.’

‘ನೀನಿರಲಿಲ್ವಾ? ಯಾಕೆ?’

‘ಟೆರೇಸಲ್ಲಿದ್ದೆ ಸಾರ್.’

‘ಮೋಟ್ರು ಹಾಕ್ಬಿಟ್ಟು ಟೆರೇಸಿಗೆ ಯಾಕೋ ಹೋದೆ?’

‘ನೀವೇ ಅಲ್ವಾ ಸಾರ್, ವೇಸ್ಟ್ ಮಾಡಬಾರದು ಅಂತ ಕ್ಲಾಸ್ ತಗೊಂಡಿದ್ದು. ಎಲ್ರೂ ಬರ್ಲೇಬೇಕು ಅಂದ್ರಿ. ಎರಡು ಗಂಟೆ ಆಯ್ತು.’

ಐದನೇ ಯಾಕೆ ಬರುವ ಮೊದಲೇ ಖಜಾಂಚಿ ಎಲ್ಲರಿಗೂ ಕಾಫಿ ಹೇಳಿದರು.