ಸೊಪ್ಪಿಗೆ ತಂಪು, ಅಮ್ಮನಿಗೆ ಸೆಖೆ

ಲಾಲ್‌ಬಾಗಿನ ಪುಷ್ಪ ಪ್ರದರ್ಶನದಲ್ಲಿ ನೂಕುನುಗ್ಗಲಿನ ನಡುವೆ ಕತ್ತಿನ ಬೆವರು ಒರೆಸಿಕೊಳ್ಳುವ ಯಾರೊಬ್ಬರೂ, ಈ ಊರಿಗೆ ಗಾಜಿನ ಮನೆ ಯಾಕಪ್ಪಾ ಬೇಕಿತ್ತು ಎಂದು ಕೇಳಿದ್ದಿಲ್ಲ. ಇಂಗ್ಲೆಂಡಿನಲ್ಲಿ ಹಿಮ ಬೀಳುತ್ತದೆ, ಗಿಡ ಸಾಯುತ್ತದೆ, ಗಾಜು ಹೊದಿಸಿದರು. ಸರಿ. ಇಲ್ಲಿ ಯಾವುದರಿಂದ ಕಾಪಾಡಬೇಕಿತ್ತು? ದಾಖಲೆಯಲ್ಲಿರುವ ಬೆಂಗಳೂರಿನ ಮಹಾ ಚಳಿ 1884ರ ಜನವರಿಯದು, 7.8 ಡಿಗ್ರಿ. ಆ ಚಳಿಗೆ ಬೆಚ್ಚಿಬಿದ್ದೋ ಏನೋ, ಹತ್ತಿರ ಹತ್ತಿರ ಆರು ವರ್ಷ ನಿಧಾನವಾಗಿ ಯೋಚಿಸಿ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೈಯಲ್ಲಿ ಅಡಿಗಲ್ಲು ಇಡಿಸಿದರು. ಎರಕದ ಕಬ್ಬಿಣ ಗ್ಲಾಸ್ಗೋದ ಸಾರಾಸೆನ್ ಫೌಂಡ್ರಿಯಿಂದ ಹಡಗು ಹತ್ತಿ ಬಂತು. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್. ಆ ಅಸಲು 1936ರಲ್ಲಿ, ಅದೂ ನವೆಂಬರ್ 30ರಂದೇ, ಸುಟ್ಟು ಬೂದಿಯಾಯಿತು. ನಕಲು ಕಲ್ಲುಗುಂಡಿನ ಹಾಗೆ ನಿಂತಿದೆ. ನಕಲಿನ ವಿಷಯದಲ್ಲಿ ನಮ್ಮನ್ನು ಯಾರೂ ಅಲ್ಲಾಡಿಸಲಾರರು.

ಆಗ ತೋಟದ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರನ್ ದಡ್ಡನೇನಲ್ಲ. ಅವನು ಪರದೇಶದಿಂದ ತಂದು ಬೆಳೆಸಿದ ಸೀಮೆಬದನೆ ಯಾವ ಗಾಜಿನ ಹಂಗೂ ಇಲ್ಲದೆ ಬಯಲಲ್ಲೇ ಚಪ್ಪರಕ್ಕೆ ಹಬ್ಬಿತು. ಗಾಜಿನ ಮನೆ ಏನಿದ್ದರೂ ಪ್ರದರ್ಶನಕ್ಕೆ. ಇವತ್ತಿಗೂ ಗಣರಾಜ್ಯೋತ್ಸವಕ್ಕೊಮ್ಮೆ, ಸ್ವಾತಂತ್ರ್ಯ ದಿನಕ್ಕೊಮ್ಮೆ ಅದರೊಳಗೆ ಹೂವಿಗಿಂತ ಮನುಷ್ಯರೇ ಜಾಸ್ತಿ. ಸುಮ್ಮನೆ ನಿಂತ ಒಬ್ಬ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರಾವಿ ಬಿಡುತ್ತಾನೆ. ಮಗುವನ್ನು ಹೆಗಲ ಮೇಲೆ ಹೊತ್ತು, ಸೆಲ್ಫಿಗೆ ಜಾಗ ಹುಡುಕುವವನ ಲೆಕ್ಕ ಬೇರೆ. ಒಳಗಿನ ತೇವಾಂಶದ ಜವಾಬ್ದಾರಿಯನ್ನು ಹೀಗೆ ಸಾರ್ವಜನಿಕರೇ ವಹಿಸಿಕೊಂಡಿದ್ದಾರೆ.

ಈಗ ಆ ಗಾಜಿನ ಮನೆಯ ಹುಚ್ಚು ಲಾಲ್‌ಬಾಗಿನ ಕಾಂಪೌಂಡು ಹಾರಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ತಾರಸಿ ಹತ್ತಿದೆ. ಮೂವತ್ತು ನಲವತ್ತರ ಸೈಟಿನ ಹೆಂಚಿನ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸಿ, ಸಂಡಿಗೆ ಹಪ್ಪಳ ಒಣಗಬೇಕಾದ ಜಾಗದಲ್ಲಿ ಜಿ.ಐ. ಪೈಪು ನಿಲ್ಲಿಸಿ, 200 ಮೈಕ್ರಾನಿನ ಪ್ಲಾಸ್ಟಿಕ್ಕು ಹೊದಿಸಿದರೆ ಪಾಲಿಹೌಸ್. ಎತ್ತರ ಎಂಟು ಅಡಿ. ದೊಡ್ಡಬಳ್ಳಾಪುರದ ಕಡೆ ಗುಲಾಬಿ ಬೆಳೆಯುವ ರೈತ ಅದನ್ನು ಇಪ್ಪತ್ತು ಅಡಿಗೆ ಎತ್ತಿ, ಬಿಸಿಗಾಳಿ ಮೇಲಿಂದ ಹೋಗಲೆಂದು ನೆತ್ತಿಯಲ್ಲಿ ಕಿಂಡಿ ಬಿಡುತ್ತಾನೆ, ಬಿಸಿಲೇರಿದರೆ ಪಕ್ಕದ ಪರದೆ ಸುತ್ತಿ ಎತ್ತುತ್ತಾನೆ. ನಮ್ಮ ತಾರಸಿಯ ಯಜಮಾನರು ಸೊಳ್ಳೆ, ಪಾರಿವಾಳ, ಪಕ್ಕದ ಮನೆಯವರ ಕಣ್ಣು, ಈ ಮೂರಕ್ಕೂ ಹೆದರಿ ನಾಲ್ಕೂ ಕಡೆ ಮುಚ್ಚಿದ್ದಾರೆ. ಒಳಗೆ ಲೆಟ್ಯೂಸು. ಸಂಜೆಯ ಸಂಭಾಷಣೆ ಹೀಗಿರುತ್ತದೆ:

"ಲೇ, ಮೇಲೆ ಅದೇನೋ ಸುಯ್ ಅಂತಿದೆಯಲ್ಲೋ?"

"ಫಾಗರ್ ಅಮ್ಮ, ನೀರನ್ನ ಮಂಜಿನ ಹಾಗೆ ಚಿಮ್ಮಿಸುತ್ತೆ. ಲೆಟ್ಯೂಸ್‌ಗೆ 25 ಡಿಗ್ರಿ ದಾಟಬಾರದು."

"ನನ್ನ ರೂಮಿನ ಫ್ಯಾನು ತಿರುಗಿ ವಾರ ಆಯ್ತು ಕಣೋ."

"ಎಲೆಕ್ಟ್ರಿಷಿಯನ್‌ಗೆ ಹೇಳಿದೀನಮ್ಮ."

ಎಲೆಕ್ಟ್ರಿಷಿಯನ್ ಬಂದಿದ್ದ. ಫಾಗರಿಗೆ ಟೈಮರ್ ಕೂರಿಸಿ ಹೋದ.

ಒಳಗೆ ತೂಗುಹಾಕಿದ ಪುಟ್ಟ ಮೀಟರನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ತಂತಿಯಲ್ಲಿ ಕಟ್ಟಿ ನೇರ ಬಿಸಿಲಿಗೆ ಮುಖ ಮಾಡಿ ಬಿಟ್ಟಿರುವುದರಿಂದ ಅದು ತನ್ನದೇ ಪ್ಲಾಸ್ಟಿಕ್ ಮೈಯ ಜ್ವರವನ್ನು ಅಳೆದು 47 ಎಂದು ತೋರಿಸುತ್ತದೆ. ಗಾಳಿಯ ಉಷ್ಣತೆ ತಿಳಿಯಬೇಕಾದರೆ ಅದು ನೆರಳಲ್ಲಿರಬೇಕು, ಗಾಳಿಯಾಡುತ್ತಿರಬೇಕು, ಗಿಡದ ಎತ್ತರಕ್ಕಿರಬೇಕು. ಅಂಥ ಜಾಗ ಆ ಪಾಲಿಹೌಸಿನಲ್ಲಿ ಇಲ್ಲ ಎನ್ನುವುದೇ ತೊಂದರೆ.

ಇನ್ನು ತೇವಾಂಶ. ಮೀಟರಿನಲ್ಲಿ ಬೆಳಿಗ್ಗೆ 80 ಇದ್ದದ್ದು ಹನ್ನೊಂದಕ್ಕೆ 45 ಆದ ಕೂಡಲೇ ನೀರು ಎಲ್ಲಿ ಹೋಯಿತೆಂದು ಮನೆಯಲ್ಲಿ ಹಾಹಾಕಾರ. ಎಲ್ಲೂ ಹೋಗಿರುವುದಿಲ್ಲ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯುತ್ತದೆ, 30 ಡಿಗ್ರಿಯಲ್ಲಿ 30 ಗ್ರಾಂ. ಗಾಳಿ ಬಿಸಿಯಾಯಿತು, ಅದರ ಹೊಟ್ಟೆ ದೊಡ್ಡದಾಯಿತು, ಇದ್ದಷ್ಟೇ ಆವಿಗೆ ಶೇಕಡಾ ಲೆಕ್ಕ ಇಳಿಯಿತು. ರಾತ್ರಿ ತಣ್ಣಗಾದಾಗ ಇದೇ ಲೆಕ್ಕ ತಿರುಗುತ್ತದೆ. ಹೆಚ್ಚಾದ ಆವಿ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿಗಟ್ಟಿ ಎಲೆಯ ಮೇಲೆ ಟಪ್ಪೆಂದು ಬೀಳುತ್ತದೆ. ಒದ್ದೆ ಎಲೆ, ನಿಂತ ಗಾಳಿ: ಬೂಜಿಗೆ ಇನ್ನೇನು ಬೇಕು? ಇಷ್ಟರ ಮೇಲೆ ಸಂಜೆ ಹೊತ್ತು ಫಾಗರ್ ಬಿಡುವವರನ್ನು ಬೂಜು ಮನೆದೇವರೆಂದೇ ಪೂಜಿಸುತ್ತಿರಬೇಕು.

ಮಾರ್ಚ್‌ನ ಒಣ ಮಧ್ಯಾಹ್ನ ಫಾಗರ್ ನಿಜಕ್ಕೂ ಕೆಲಸ ಮಾಡುತ್ತದೆ. ಹನಿ ಆವಿಯಾಗುತ್ತಾ ಗಾಳಿಯ ಶಾಖವನ್ನು ಹೀರುತ್ತದೆ, ಅದೂ ಒದ್ದೆ ಗಾಳಿ ಹೊರಗೆ ಹೋಗಲು ದಾರಿ ಇದ್ದರೆ ಮಾತ್ರ. ಜುಲೈನ ಜಿಟಿಜಿಟಿಯಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವಾಗ ಹನಿ ಆವಿಯಾಗದೆ ಎಲೆಯ ಮೇಲೆ ಕೂರುತ್ತದೆ. ಟೈಮರಿಗೆ ಮಾತ್ರ ಮಾರ್ಚೂ ಒಂದೇ, ಜುಲೈಯೂ ಒಂದೇ. ಕಡೆಗೆ ಲೆಟ್ಯೂಸು ಸೆಖೆ ತಾಳದೆ ದಂಟು ಬಿಟ್ಟು ಕಹಿಯಾಗುತ್ತದೆ. ಯಜಮಾನರು "ಆರ್ಗ್ಯಾನಿಕ್ ಅಂದ್ರೆ ಹಾಗೇ ಸ್ವಲ್ಪ ಕಹಿ" ಎಂದು ಹೇಳಿ ಎಂಟು ಮನೆಗೆ ಹಂಚುತ್ತಾರೆ. ಎಂಟೂ ಮನೆಯವರು ಅದನ್ನು ಹಸುವಿಗೆ ಕೊಡುತ್ತಾರೆ. ಹಸು ಮೂಸಿ ಮುಂದೆ ಹೋಗುತ್ತದೆ.

ತಮಾಷೆ ಇರುವುದು ಕೆಳಗಿನ ಮಹಡಿಗಳಲ್ಲಿ. 1898ರಲ್ಲಿ ಪ್ಲೇಗು ಊರನ್ನು ಗುಡಿಸಿಹಾಕಿದಾಗ, ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಂದು ಗಾಳಿ ಬೆಳಕಿನಲ್ಲಿ ಬಾಳಲೆಂದು ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲದ ರಸ್ತೆ, ಹಿತ್ತಲ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಎತ್ತರದ ಸೂರು, ಹಗ್ಗ ಎಳೆದರೆ ತೆರೆದುಕೊಳ್ಳುವ ವೆಂಟಿಲೇಟರು, ಬಾಗಿಲಲ್ಲಿ ಹೊಂಗೆ ಮರ. ನೆತ್ತಿಯಲ್ಲಿ ಕಿಂಡಿ, ಪಕ್ಕದಲ್ಲಿ ಗಾಳಿ, ಮೇಲೆ ನೆರಳು: ಪಾಲಿಹೌಸಿಗೆ ತಜ್ಞರು ಹೇಳುವ ಮೂರೂ ಮನುಷ್ಯರಿಗೆ ಆಗಲೇ ಸಿಕ್ಕಿತ್ತು. ಆ ಮನೆ ಕೆಡವಿ, ಪಶ್ಚಿಮದ ಗೋಡೆಗೆ ತೆರೆಯಲಾಗದ ಗಾಜು ಜಡಿದು, ಕಾರು ನಿಲ್ಲಿಸಲು ಹೊಂಗೆ ಕಡಿದು, ಈಗ ಎ.ಸಿ.ಯ ಬಿಸಿಯನ್ನು ಪಕ್ಕದ ಮನೆಯವರ ದೇವರ ಕೋಣೆಯ ಕಿಟಕಿಗೆ ಊದುತ್ತಿದ್ದೇವೆ. 2016ರ ಏಪ್ರಿಲ್ 24ರಂದು ಬೆಂಗಳೂರು 39.2 ಡಿಗ್ರಿ ಮುಟ್ಟಿತು. ಕ್ಯಾಮರನ್ ಕಟ್ಟಿಸಿದ್ದು ಗಿಡಗಳಿಗೊಂದೇ ಗಾಜಿನ ಮನೆ. ನಾವು ಮನುಷ್ಯರಿಗೆ ಬೀದಿಗೆ ಇಪ್ಪತ್ತು ಕಟ್ಟಿದೆವು, ಫಾಗರ್ ಮಾತ್ರ ಹಾಕಿಸಲಿಲ್ಲ.

ತಾರಸಿಯಲ್ಲಿ ಸೊಪ್ಪು ಬೆಳೆಯಬೇಕೆಂಬ ಆಸೆ ತಪ್ಪಲ್ಲ. ಪ್ಲಾಸ್ಟಿಕ್ಕನ್ನು ಮಳೆ ತಡೆಯುವಷ್ಟಕ್ಕೆ ಇಟ್ಟುಕೊಂಡು ಸುತ್ತ ಬಿಚ್ಚಿಬಿಡಿ, ಮೀಟರನ್ನು ನೆರಳಿಗೆ ತನ್ನಿ, ಫಾಗರನ್ನು ಬೇಸಿಗೆಯ ಮಧ್ಯಾಹ್ನಕ್ಕಷ್ಟೇ ಬಿಡಿ. ಹರಿವೆ, ದಂಟು, ಮೆಂತ್ಯ, ಬಸಳೆ ಬೆಳೆಯುವವರಿಗೆ ಇಷ್ಟೂ ಬೇಡ. ಏಪ್ರಿಲ್‌ನಲ್ಲಿ ಮೇಲೊಂದು ಅರೆನೆರಳಿನ ಹಸಿರು ಪರದೆ ಕಟ್ಟಿದರೆ ಮುಗಿಯಿತು. ಲೆಟ್ಯೂಸೇ ಆಗಬೇಕೆನ್ನುವವರು ಡಿಸೆಂಬರ್‌ವರೆಗೆ ಕಾಯಲಿ, ಅಷ್ಟರಲ್ಲಿ ಅಮ್ಮನ ಫ್ಯಾನು ರಿಪೇರಿ ಮಾಡಿಸಲಿ.